ಬೆಳೆದ ಗಂಡುನಾಯಿ ಮನೆಯೊಳಗೆ ಉಚ್ಚೆ ಹೊಯ್ಯುತ್ತಿದೆಯೇ? ಕಾರಣ ಹುಡುಕುವ ದಾರಿ

ಮರಿಯಾಗಿದ್ದಾಗಲೇ ಹೊರಗೆ ಹೋಗುವುದನ್ನು ಕಲಿತ ನಾಯಿ. ಮೂರ್ನಾಲ್ಕು ವರ್ಷ ಮನೆಯೊಳಗೆ ಒಂದು ಹನಿ ಬಿದ್ದಿರಲಿಲ್ಲ. ಈಗ ಇದ್ದಕ್ಕಿದ್ದಂತೆ ಸೋಫಾದ ಕಾಲು ಒದ್ದೆ, ಪರದೆಯ ಅಂಚು ಹಳದಿ, ಅಕ್ಕಿ ಮೂಟೆಯ ಮೂಲೆಯಲ್ಲಿ ನಾತ. ಇಂಥ ಮನೆಗಳಲ್ಲಿ ಮೊದಲು ಫಿನಾಯಿಲ್ ಬರುತ್ತದೆ, ಆಮೇಲೆ ಬೈಗುಳ. ಅದೂ ಆಗದಿದ್ದರೆ ಯಾರೋ ಹೇಳಿದರೆಂದು ಸಂತಾನಹರಣ ಆಪರೇಷನ್‌ಗೆ ದಿನ ಗೊತ್ತಾಗುತ್ತದೆ. ಇಷ್ಟೆಲ್ಲ ಆದರೂ ನಾಯಿ ಯಾಕೆ ಹೀಗೆ ಮಾಡುತ್ತಿದೆ ಎಂದು ಯಾರೂ ನೋಡಿರುವುದಿಲ್ಲ.

ಕಾರಣಗಳು ಹಲವು. ಅಲ್ಲಲ್ಲಿ ಸ್ವಲ್ಪ ಹೊಯ್ದು ತನ್ನ ವಾಸನೆಯ ಗುರುತು ಹಾಕುವ ಸ್ವಭಾವ ಇರಬಹುದು, ಮೂತ್ರಕೋಶದಲ್ಲಿ ಕಲ್ಲು ಇರಬಹುದು, ಸಕ್ಕರೆ ಕಾಯಿಲೆ ಇರಬಹುದು, ಪಟಾಕಿಯ ಹೆದರಿಕೆ ಇರಬಹುದು, ಮೆಟ್ಟಿಲು ಇಳಿಯಲಾಗದ ಮಂಡಿ ನೋವಿರಬಹುದು. ನಮಗೆ ಕಾಣುವುದು ಮಾತ್ರ ನೆಲದ ಮೇಲಿನ ಒದ್ದೆ. ಒಂದು ಕಾರಣದ ಮದ್ದು ಇನ್ನೊಂದಕ್ಕೆ ಕೆಲಸ ಮಾಡುವುದಿಲ್ಲ, ಕೆಲವು ಸಲ ಕೆಡಿಸುತ್ತದೆ. ಹಾಗಾಗಿ ಕೆಳಗೆ ಕೊಟ್ಟಿರುವ ಕ್ರಮದಲ್ಲೇ ಹೋಗಿ. ಒಂದು ಕಾರಣ ಅಲ್ಲ ಎಂದು ಖಾತ್ರಿಯಾದ ಮೇಲೆ ಮುಂದಿನದಕ್ಕೆ ಬನ್ನಿ.

ಎಲ್ಲಕ್ಕಿಂತ ಮೊದಲು: ಉಚ್ಚೆ ಸರಿಯಾಗಿ ಬರುತ್ತಿದೆಯೇ?

ನಾಯಿ ಮತ್ತೆ ಮತ್ತೆ ಕಾಲೆತ್ತುತ್ತದೆ, ತಿಣುಕುತ್ತದೆ, ಒಂದೆರಡು ಹನಿ ಬಿಟ್ಟರೆ ಏನೂ ಬರುವುದಿಲ್ಲ. ಹಿಂಗಾಲು ಬಾಗಿಸಿ ಬಹಳ ಹೊತ್ತು ನಿಲ್ಲುತ್ತದೆ. ಆ ಜಾಗವನ್ನು ನೆಕ್ಕಿಕೊಳ್ಳುತ್ತಲೇ ಇರುತ್ತದೆ. ಊಟ ಬೇಡ ಎನ್ನುತ್ತದೆ, ವಾಂತಿ ಮಾಡಬಹುದು. ಇದನ್ನು ಕಂಡರೆ ಈ ಬರಹವನ್ನು ಇಲ್ಲಿಗೇ ಬಿಟ್ಟು ಡಾಕ್ಟರ್ ಹತ್ತಿರ ಹೊರಡಿ. ರಾತ್ರಿಯಾದರೂ ಸರಿ.

ಗಂಡುನಾಯಿಯ ಶಿಶ್ನದೊಳಗೆ ಒಂದು ಎಲುಬಿದೆ. ಮೂತ್ರನಾಳ ಆ ಎಲುಬಿನ ತೋಡಿನೊಳಗೆ ಹಾದುಹೋಗುತ್ತದೆ. ಅಲ್ಲಿ ನಾಳ ಹಿಗ್ಗಲಾರದು. ಮೂತ್ರಕೋಶದಿಂದ ಇಳಿದು ಬಂದ ಸಣ್ಣ ಕಲ್ಲು ಹೆಚ್ಚಾಗಿ ಆ ಎಲುಬಿನ ಹಿಂದೆಯೇ ಸಿಕ್ಕಿಕೊಳ್ಳುತ್ತದೆ. ದಾರಿ ಪೂರ್ತಿ ಕಟ್ಟಿಕೊಂಡರೆ ವಿಷ ರಕ್ತದಲ್ಲಿ ಉಳಿಯುತ್ತದೆ, ಪೊಟ್ಯಾಸಿಯಂ ಏರುತ್ತದೆ, ಹೃದಯಕ್ಕೆ ತೊಂದರೆಯಾಗುತ್ತದೆ. ಒಂದೆರಡು ದಿನದಲ್ಲಿ ನಾಯಿ ಸಾಯಬಹುದು. ಎಷ್ಟೋ ಮನೆಯವರು ತಿಣುಕುವುದನ್ನು ನೋಡಿ ಮಲಬದ್ಧತೆ ಅಂದುಕೊಂಡು ಬಾಳೆಹಣ್ಣು, ಹರಳೆಣ್ಣೆ ಕೊಡುತ್ತಾ ಕೂರುತ್ತಾರೆ. ದಯವಿಟ್ಟು ಹಾಗೆ ಕಾಯಬೇಡಿ. ಉಚ್ಚೆ ಬಂದದ್ದನ್ನು ಕಣ್ಣಾರೆ ನೋಡಿ ಆಮೇಲೆ ಬೇರೆ ಯೋಚನೆ ಮಾಡಿ.

ಒದ್ದೆ ಜಾಗ ಏನು ಹೇಳುತ್ತದೆ

ಉಚ್ಚೆ ಧಾರಾಳವಾಗಿ ಬರುತ್ತಿದೆ, ನಾಯಿ ಲವಲವಿಕೆಯಿಂದಿದೆ ಎಂದಾದರೆ ಈಗ ನಿಧಾನವಾಗಿ ಪತ್ತೆ ಮಾಡಬಹುದು. ಒಂದು ವಾರ ಬರೆದಿಡಿ. ಎಲ್ಲಿ, ಎಷ್ಟು ಹೊತ್ತಿಗೆ, ಎಷ್ಟು, ಅದಕ್ಕೆ ಸ್ವಲ್ಪ ಮುಂಚೆ ಮನೆಯಲ್ಲಿ ಏನಾಯಿತು. ಕ್ಯಾಲೆಂಡರಿನ ಮೇಲೆ ಗೀಚಿದರೂ ಸಾಕು. ಬರೆಯದೆ ನೆನಪಿಟ್ಟುಕೊಂಡರೆ 'ಯಾವಾಗಲೂ ಮಾಡುತ್ತೆ, ಎಲ್ಲ ಕಡೆ ಮಾಡುತ್ತೆ' ಎಂಬ ಮಾತಷ್ಟೇ ಉಳಿಯುತ್ತದೆ. ಅದರಿಂದ ಡಾಕ್ಟರಿಗೂ ಉಪಯೋಗವಿಲ್ಲ.

ಹಳೆಯ ಕಲೆ ಹುಡುಕಲು ನೋಟು ಪರೀಕ್ಷೆ ಮಾಡುವ ಅಲ್ಟ್ರಾವಯಲೆಟ್ ಟಾರ್ಚ್ ತನ್ನಿ. ರಾತ್ರಿ ದೀಪ ಆರಿಸಿ ಗೋಡೆ, ಬಾಗಿಲ ಚೌಕಟ್ಟು, ಮಂಚದ ಕಾಲುಗಳ ಮೇಲೆ ಹಾಯಿಸಿ. ಉಚ್ಚೆ ಒಣಗಿದ ಜಾಗ ಮಂಕಾಗಿ ಹೊಳೆಯುತ್ತದೆ. ಸೋಪಿನ ಪುಡಿಯ ಕಲೆಯೂ ಹೊಳೆಯುತ್ತದೆ, ಅದಕ್ಕೆ ಮೂಗಿನಿಂದಲೂ ಪರೀಕ್ಷಿಸಿ.

ಈಗ ಸಿಕ್ಕಿದ್ದನ್ನು ನೋಡಿ. ನೆಲದಿಂದ ಗೇಣು ಎರಡು ಗೇಣು ಮೇಲೆ, ನಿಂತ ವಸ್ತುಗಳ ಮೇಲೆ, ಸ್ವಲ್ಪ ಸ್ವಲ್ಪ, ನಾಲ್ಕಾರು ಕಡೆ ಇದ್ದರೆ ಅದು ಗುರುತು ಹಾಕುವ ಲಕ್ಷಣ. ನೆಲದ ಮೇಲೆ ದೊಡ್ಡ ಮಡು ನಿಂತಿದ್ದರೆ ನಾಯಿ ಮೂತ್ರಕೋಶವನ್ನು ಪೂರ್ತಿ ಖಾಲಿ ಮಾಡಿದೆ. ಅದಕ್ಕೆ ತಡೆಯಲಾಗಿಲ್ಲ ಅಥವಾ ಹೊರಗೆ ಹೋಗುವ ಅವಕಾಶ ಸಿಕ್ಕಿಲ್ಲ. ಮಲಗಿ ಎದ್ದ ಹಾಸಿಗೆಯೇ ಒದ್ದೆಯಾಗಿದ್ದರೆ ಅದು ಅರಿವಿಲ್ಲದೆ ಸೋರಿದ್ದು. ನೀವು ಬಾಗಿಲು ತೆಗೆದ ಕ್ಷಣ, ಬಗ್ಗಿ ಮೈಸವರಿದ ಕ್ಷಣ ಚಿಮ್ಮಿದರೆ ಅದು ಸಂಭ್ರಮ ಅಥವಾ ಅಂಜಿಕೆ. ಮನೆಯಲ್ಲಿ ಯಾರೂ ಇಲ್ಲದಾಗ ಮಾತ್ರ ಆಗುತ್ತಿದ್ದರೆ ಒಂಟಿತನದ ಕಡೆ ಯೋಚಿಸಿ.

ಯಾರೂ ಇಲ್ಲದ ಹೊತ್ತಿನಲ್ಲಿ ಹಳೆಯ ಫೋನಿನಲ್ಲಿ ವಿಡಿಯೊ ಹಾಕಿಟ್ಟು ಹೋಗಿ. ಮನೆಯಲ್ಲಿ ಎರಡು ನಾಯಿ ಇದ್ದರಂತೂ ಇದು ಬೇಕೇ ಬೇಕು. ತಪ್ಪು ಮಾಡಿದ ಮುಖ ನೋಡಿ ಇವನೇ ಮಾಡಿದ್ದು ಅಂತ ತೀರ್ಮಾನಿಸುವವರಿದ್ದಾರೆ. ಆ ಮುಖ ನಿಮ್ಮ ಸಿಟ್ಟಿಗೆ ಬಂದ ಹೆದರಿಕೆ, ಮಾಡದ ನಾಯಿಯೂ ಅದೇ ಮುಖ ಮಾಡುತ್ತದೆ.

ಕಾಯಿಲೆ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು

ಗುರುತು ಹಾಕುವ ಲಕ್ಷಣ ಎಷ್ಟೇ ಸ್ಪಷ್ಟವಾಗಿ ಕಂಡರೂ ಒಂದು ಮೂತ್ರ ಪರೀಕ್ಷೆ ಮಾಡಿಸಿ. ಖರ್ಚು ಜಾಸ್ತಿ ಇಲ್ಲ. ಬೆಳಗಿನ ಮೊದಲ ಉಚ್ಚೆಯನ್ನು ಒಣಗಿದ, ಶುಭ್ರವಾದ ಡಬ್ಬದಲ್ಲಿ ಹಿಡಿಯಿರಿ. ಗಂಡುನಾಯಿಯದ್ದು ಹಿಡಿಯುವುದು ಸುಲಭ, ಉದ್ದ ಹಿಡಿಕೆಯ ಸೌಟು ಸಾಕು. ಆ ಸೌಟು ಮತ್ತೆ ಅಡುಗೆಮನೆಗೆ ಹೋಗಬಾರದು ಅಷ್ಟೆ. ಒಂದೆರಡು ಗಂಟೆಯೊಳಗೆ ತಲುಪಿಸಲಾಗದಿದ್ದರೆ ಫ್ರಿಜ್ಜಿನಲ್ಲಿಡಿ.

ಇನ್ನೊಂದು ಪರೀಕ್ಷೆ ನೀವೇ ಮಾಡಬಹುದು. ನಾಯಿ ದಿನಕ್ಕೆ ಎಷ್ಟು ನೀರು ಕುಡಿಯುತ್ತದೆ ಎಂದು ಅಳೆಯಿರಿ. ಬಕೆಟ್, ಬಚ್ಚಲು, ಗಿಡದ ತಟ್ಟೆ ಎಲ್ಲ ಮುಚ್ಚಿ ಒಂದೇ ಬಟ್ಟಲಿನಲ್ಲಿ ಅಳೆದು ಹಾಕಿ, 24 ಗಂಟೆಯಾದ ಮೇಲೆ ಉಳಿದದ್ದನ್ನು ಕಳೆಯಿರಿ. ಎರಡು ಮೂರು ದಿನ ಮಾಡಿ. ಆರೋಗ್ಯವಾಗಿರುವ ನಾಯಿ ಸಾಮಾನ್ಯವಾಗಿ ಕೆಜಿ ತೂಕಕ್ಕೆ 40ರಿಂದ 60 ಮಿಲಿ ಕುಡಿಯುತ್ತದೆ. ಮೊಸರನ್ನ ತಿನ್ನುವ ನಾಯಿಗೆ ಅನ್ನದಲ್ಲೇ ನೀರು ಸಿಗುವುದರಿಂದ ಕಡಿಮೆ, ಪ್ಯಾಕೆಟ್ಟಿನ ಒಣ ನಾಯಿತಿಂಡಿ ತಿನ್ನುವುದಕ್ಕೆ ಸ್ವಲ್ಪ ಜಾಸ್ತಿ, ಏಪ್ರಿಲ್ ಬಿಸಿಲಿಗೆ ಇನ್ನೂ ಜಾಸ್ತಿ. ಆದರೆ ಕೆಜಿಗೆ 100 ಮಿಲಿ ದಾಟಿದರೆ ಅದು ಕಾಯಿಲೆಯ ಸೂಚನೆ. ಅಂದರೆ 20 ಕೆಜಿ ನಾಯಿ ಎರಡು ಲೀಟರಿಗಿಂತ ಹೆಚ್ಚು ಕುಡಿಯುತ್ತಿದ್ದರೆ ತರಬೇತಿಯ ಮಾತು ಆಮೇಲೆ, ಮೊದಲು ರಕ್ತ ಪರೀಕ್ಷೆ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ಕುಶಿಂಗ್ಸ್ ಎಂಬ ಹಾರ್ಮೋನ್ ಕಾಯಿಲೆ ಎಲ್ಲ ಹೀಗೇ ಶುರುವಾಗುತ್ತವೆ.

ಜಾಸ್ತಿ ಉಚ್ಚೆ ಹೊಯ್ಯುತ್ತದೆಂದು ನೀರು ಕಡಿಮೆ ಮಾಡಬೇಡಿ. ಕಿಡ್ನಿ ಸೋತ ನಾಯಿಗೆ ನೀರು ನಿಲ್ಲಿಸಿದರೆ ಜೀವಕ್ಕೇ ಅಪಾಯ.

ಮಾತ್ರೆಗಳನ್ನೂ ನೆನಪಿಸಿಕೊಳ್ಳಿ. ಚರ್ಮದ ತುರಿಕೆಗೆ ಕೊಡುವ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಬಾಯಾರಿಕೆಯನ್ನೂ ಉಚ್ಚೆಯನ್ನೂ ಹೆಚ್ಚಿಸುತ್ತದೆ. ನಮ್ಮ ಕಡೆ ನಾಯಿಗಳಿಗೆ ತುರಿಕೆ ಜಾಸ್ತಿ, ಆ ಮಾತ್ರೆಯೂ ಜಾಸ್ತಿ. ಮನೆಯವರು ಎರಡನ್ನೂ ಜೋಡಿಸಿ ನೋಡಿರುವುದಿಲ್ಲ. ಫಿಟ್ಸ್‌ಗೆ ಕೊಡುವ ಫಿನೋಬಾರ್ಬಿಟೋನ್, ಹೃದಯದ ತೊಂದರೆ ಇರುವ ನಾಯಿಗಳಿಗೆ ಕೊಡುವ ಫ್ರೂಸಮೈಡ್ ಕೂಡ ಹೀಗೇ ಮಾಡುತ್ತವೆ. ನೀವಾಗಿಯೇ ನಿಲ್ಲಿಸಬೇಡಿ. ಸ್ಟೀರಾಯ್ಡನ್ನು ತಟ್ಟನೆ ನಿಲ್ಲಿಸಿದರೆ ಅದೇ ಇನ್ನೊಂದು ತೊಂದರೆ. ಡಾಕ್ಟರಿಗೆ ಹೇಳಿ, ಅಲ್ಲಿಯವರೆಗೆ ಹೆಚ್ಚು ಸಲ ಹೊರಗೆ ಕರೆದೊಯ್ಯಿರಿ.

ಮೂತ್ರದ ಸೋಂಕು ಗಂಡುನಾಯಿಗಳಲ್ಲಿ ಹೆಣ್ಣಿಗಿಂತ ಕಡಿಮೆ, ಯಾಕೆಂದರೆ ಅವುಗಳ ಮೂತ್ರನಾಳ ಉದ್ದ. ಆದ್ದರಿಂದಲೇ ಆಪರೇಷನ್ ಆಗದ ಗಂಡುನಾಯಿಗೆ ಸೋಂಕು ಬಂದಿದೆ ಎಂದರೆ ಡಾಕ್ಟರು ಮೂತ್ರಕೋಶದ ಬುಡದಲ್ಲಿರುವ ಪ್ರಾಸ್ಟೇಟ್ ಗ್ರಂಥಿಯನ್ನೂ ನೋಡಬೇಕು. ಐದಾರು ವರ್ಷ ದಾಟಿದ ಇಂಥ ನಾಯಿಗಳಲ್ಲಿ ಪ್ರಾಸ್ಟೇಟ್ ದಪ್ಪವಾಗುವುದು ತೀರಾ ಸಾಮಾನ್ಯ. ಉಚ್ಚೆ ಹೊಯ್ಯದಿರುವಾಗಲೂ ತುದಿಯಿಂದ ರಕ್ತದ ಹನಿ ಬೀಳುವುದು, ಮಲ ಚಪ್ಪಟೆಯಾಗಿ ಬರುವುದು ಅದರ ಗುರುತು. ಆಂಟಿಬಯಾಟಿಕ್ ಕೊಟ್ಟಾಗ ಗುಣವಾಗಿ ತಿಂಗಳೊಳಗೆ ಮತ್ತೆ ಬಂದರೆ ಸ್ಕ್ಯಾನ್ ಕೇಳಿ. ಕಲ್ಲಿನ ಅನುಮಾನವಿದ್ದಾಗ ಎಕ್ಸ್‌ರೇ ಒಂದನ್ನೇ ನಂಬುವಂತಿಲ್ಲ. ಡಾಲ್ಮೇಶಿಯನ್ ನಾಯಿಗಳಲ್ಲಿ ಬರುವ ಯೂರೇಟ್ ಕಲ್ಲು ಎಕ್ಸ್‌ರೇಯಲ್ಲಿ ಹೆಚ್ಚಾಗಿ ಕಾಣುವುದಿಲ್ಲ.

ಉಚ್ಚೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ, ಜೊತೆಗೆ ಜ್ವರ, ಒಸಡು ಬಿಳಿಚಿಕೊಂಡಿದ್ದರೆ ರಕ್ತ ಹೀರುವ ಉಣ್ಣೆ ಹುಳದಿಂದ ಬರುವ ಬಬೀಸಿಯ ಎಂಬ ಕಾಯಿಲೆ ಇರಬಹುದು. ಮಳೆಗಾಲದಲ್ಲಿ ಜ್ವರ, ವಾಂತಿ, ಕಣ್ಣು ಹಳದಿ ಕಂಡರೆ ಇಲಿ ಜ್ವರದ ಸಂಶಯ ಪಡಿ. ಇಲಿ ಜ್ವರ ನಾಯಿಯ ಉಚ್ಚೆಯಿಂದ ಮನುಷ್ಯರಿಗೂ ಬರುತ್ತದೆ. ಒರೆಸುವಾಗ ಕೈಗೆ ಗ್ಲೌಸ್ ಹಾಕಿ, ಕಾಲಲ್ಲಿ ಗಾಯವಿದ್ದರೆ ಬರಿಗಾಲಲ್ಲಿ ಆ ಕಡೆ ಹೋಗಬೇಡಿ, ಮಕ್ಕಳನ್ನು ದೂರವಿಡಿ. ಪ್ರತಿವರ್ಷದ ಲಸಿಕೆಯಲ್ಲಿ ಇದು ಸೇರಿದೆಯೇ ಎಂದು ಕಾರ್ಡ್ ನೋಡಿ.

ಗುರುತು ಹಾಕುವ ನಾಯಿ

ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ, ಕಲೆಗಳು ನಿಂತ ವಸ್ತುಗಳ ಮೇಲೆ ಸ್ವಲ್ಪ ಸ್ವಲ್ಪ ಇವೆ. ಬೆಳೆದ ಗಂಡುನಾಯಿಗಳಲ್ಲಿ ಇದೇ ಹೆಚ್ಚು. ಇದು ಸೇಡಲ್ಲ. 'ನಾನು ಬೈದೆ ಅಂತ ಬೇಕೂಂತಲೇ ನನ್ನ ಹಾಸಿಗೆ ಮೇಲೆ ಹೊಯ್ದ' ಎಂದು ಹೇಳುವವರನ್ನು ಕಂಡಿದ್ದೇನೆ. ಹಾಸಿಗೆಯಲ್ಲಿ ನಿಮ್ಮ ವಾಸನೆ ಎಲ್ಲಕ್ಕಿಂತ ಗಾಢ. ಮನಸ್ಸು ಕದಡಿದ ನಾಯಿ ಅಲ್ಲಿ ತನ್ನ ವಾಸನೆ ಸೇರಿಸುತ್ತದೆ, ಅಷ್ಟೆ.

ಹಾಗಾದರೆ ಮನಸ್ಸು ಕದಡಿದ್ದು ಏನು? ನೀವು ಬರೆದಿಟ್ಟ ಪಟ್ಟಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಮೊದಲ ಕಲೆ ಕಂಡ ದಿನದ ಹಿಂದುಮುಂದು ಮನೆಯಲ್ಲಿ ಹೊಸದಾಗಿ ಏನು ಬಂತು ಎಂದು ಯೋಚಿಸಿ. ಬೇರೆ ಮನೆಯಿಂದ ತಂದ ಹಳೆಯ ಸೋಫಾ, ಅದರಲ್ಲಿ ಇನ್ನೊಂದು ನಾಯಿಯ ವಾಸನೆ. ಗೌರಿ ಹಬ್ಬಕ್ಕೆ ಬಂದ ನೆಂಟರ ಬ್ಯಾಗುಗಳು. ಬಾಣಂತನಕ್ಕೆ ಬಂದ ಮಗಳು, ಮಗುವಿನ ಬಟ್ಟೆಯ ಬುಟ್ಟಿ. ಬಾಡಿಗೆ ಮನೆ ಬದಲಾಯಿಸಿದ್ದು, ಅಲ್ಲಿ ಹಿಂದೆ ಇದ್ದವರೂ ನಾಯಿ ಸಾಕಿದ್ದು. ಎದುರುಮನೆಯ ಹೆಣ್ಣುನಾಯಿ ಬೆದೆಗೆ ಬಂದದ್ದು. ಮಳೆಗಾಲ ಮುಗಿಯುವ ಹೊತ್ತಿಗೆ ಬೀದಿಯ ಹೆಣ್ಣುನಾಯಿಗಳು ಬೆದೆಗೆ ಬರುವುದು ಜಾಸ್ತಿ. ಆಗ ಗೇಟಿನ ಹೊರಗೆ ಗಂಡುನಾಯಿಗಳ ಗುಂಪು, ಒಳಗೆ ನಿಮ್ಮವನು ಊಟ ಬಿಟ್ಟು ಕಿಟಕಿಯಿಂದ ಬಾಗಿಲಿಗೆ ಓಡಾಟ, ದಾರಿಯಲ್ಲಿ ಸಿಕ್ಕ ಗ್ಯಾಸ್ ಸಿಲಿಂಡರಿಗೂ ಒಂದು ಕಾಲು.

ಕಲೆಗಳು ಹೆಚ್ಚಾಗಿ ಮುಂಬಾಗಿಲು, ಕಿಟಕಿ, ಚಪ್ಪಲಿ ಸ್ಟ್ಯಾಂಡಿನ ಬಳಿಯೇ ಇದ್ದರೆ ಕಾರಣ ಹೊರಗಿದೆ. ಗೇಟಿನ ಕಂಬದ ಹೊರಮೈ ಮುಟ್ಟಿ ನೋಡಿ. ಬೀದಿನಾಯಿಗಳು ದಿನವೂ ಅಲ್ಲಿ ಹೊಯ್ಯುತ್ತಿರುತ್ತವೆ, ಒಳಗಿನವನು ಅದಕ್ಕೆ ಉತ್ತರ ಬರೆಯುತ್ತಿರುತ್ತಾನೆ. ಕಂಬದ ಹೊರಮೈಯನ್ನು ದಿನ ಬಿಟ್ಟು ದಿನ ತೊಳೆಯಿರಿ. ಗೇಟಿನ ಕೆಳಭಾಗಕ್ಕೆ ಹೊರಗೆ ಕಾಣದಂತೆ ಶೀಟ್ ಹೊಡೆಸಿ. ಕಿಟಕಿಯ ಕೆಳ ಅರ್ಧಕ್ಕೆ ಮಬ್ಬು ಹಾಳೆ ಅಂಟಿಸಿ. ಇಷ್ಟು ಮಾಡಿದರೇ ಅರ್ಧ ಸಮಸ್ಯೆ ಕಳೆದ ಮನೆಗಳಿವೆ. ಚಪ್ಪಲಿಗಳನ್ನು ಮುಚ್ಚುವ ಕಪಾಟಿನಲ್ಲಿಡಿ. ಅವುಗಳ ಅಡಿಯಲ್ಲಿ ಇಡೀ ಬೀದಿಯ ವಾಸನೆ ಬಂದಿರುತ್ತದೆ.

ಗೇಟಿಗೆ ನೀಲಿ ನೀರಿನ ಬಾಟಲಿ ಕಟ್ಟುವುದರಿಂದ ಏನೂ ಆಗುವುದಿಲ್ಲ. ನಾಯಿಗೆ ನೀಲಿ ಬಣ್ಣ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಈ ವಿಷಯದಲ್ಲಿ ಅದು ಮೂಗನ್ನು ನಂಬುತ್ತದೆ. ಖಾರದ ಪುಡಿ ಚೆಲ್ಲುವುದು ಸುಮ್ನೆ ಹಿಂಸೆ. ನುಸಿಗುಳಿಗೆ ಇಡುವುದಂತೂ ಬೇಡವೇ ಬೇಡ. ನ್ಯಾಫ್ತಲೀನ್ ನಾಯಿಗೆ ವಿಷ, ಒಂದು ಗುಳಿಗೆ ನುಂಗಿದರೂ ಸಣ್ಣ ನಾಯಿಗೆ ಅಪಾಯ.

ನೆಂಟರು ಬಂದಾಗ ಅವರ ಬ್ಯಾಗುಗಳನ್ನು ಮೇಲಿಡಿ, ಮೊದಲ ಒಂದೆರಡು ಗಂಟೆ ನಾಯಿಯ ಚೈನು ನಿಮ್ಮ ಕೈಯಲ್ಲಿರಲಿ. ಮಗು ಬಂದ ಮನೆಯಲ್ಲಿ ನಾಯಿಯ ಊಟ, ವಾಕಿಂಗ್ ಹೊತ್ತು ತಪ್ಪದಂತೆ ನೋಡಿ. ಎರಡು ಗಂಡುನಾಯಿಗಳ ನಡುವೆ ಮುಸುಕಿನ ಜಗಳ ಇದ್ದರೆ ಬಟ್ಟಲು, ಹಾಸಿಗೆ, ಮಲಗುವ ಮೂಲೆ ಬೇರೆ ಬೇರೆ ಮಾಡಿ.

ಆಪರೇಷನ್ ಮಾಡಿಸಿದರೆ ನಿಲ್ಲುತ್ತದೆಯೇ?

ಗುರುತು ಹಾಕುವುದಕ್ಕೆ ಸಂತಾನಹರಣ ಆಪರೇಷನ್ ಒಳ್ಳೆಯ ಮದ್ದು, ಆದರೆ ಎಲ್ಲ ನಾಯಿಗಳಿಗೂ ಅಲ್ಲ. ಕ್ಯಾಲಿಫೋರ್ನಿಯಾದ ಪಶುವೈದ್ಯರು 57 ಗಂಡುನಾಯಿಗಳ ಮೇಲೆ ನಡೆಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ಅಂದಾಜು ಕೊಡುತ್ತದೆ. ಆಪರೇಷನ್ ನಂತರ 60%ಕ್ಕಿಂತ ಹೆಚ್ಚು ನಾಯಿಗಳಲ್ಲಿ ಗುರುತು ಹಾಕುವುದು ಅರ್ಧದಷ್ಟಾದರೂ ತಗ್ಗಿತು. ಬಹುತೇಕ ನಿಂತೇಹೋಯಿತು ಎನ್ನುವಂಥವು 25ರಿಂದ 40%. ನಾಯಿಯ ವಯಸ್ಸು, ಎಷ್ಟು ಕಾಲದಿಂದ ಮಾಡುತ್ತಿತ್ತು ಎನ್ನುವುದು ಫಲಿತಾಂಶವನ್ನು ಬದಲಿಸಲಿಲ್ಲ. ಅಂದರೆ ಆರು ವರ್ಷದ ನಾಯಿಗೆ ಇನ್ನು ತಡವಾಯಿತು ಅಂತ ಬಿಡಬೇಕಿಲ್ಲ.

ಹಾರ್ಮೋನ್ ಬೇಗ ಇಳಿದರೂ ಅಭ್ಯಾಸ ಇಳಿಯಲು ವಾರಗಳು, ಕೆಲವು ಸಲ ತಿಂಗಳುಗಳು ಬೇಕು. ಪ್ರಾಸ್ಟೇಟ್ ದಪ್ಪವಾಗಿರುವ ನಾಯಿಗೆ ಆಪರೇಷನ್ ಎರಡು ಕಡೆಯಿಂದ ಲಾಭ, ಗ್ರಂಥಿಯೂ ಕುಗ್ಗುತ್ತದೆ. ಹೆದರಿಕೆಯಿಂದ, ಒಂಟಿತನದಿಂದ, ಕಾಯಿಲೆಯಿಂದ ಹೊಯ್ಯುವ ನಾಯಿಗೆ ಮಾತ್ರ ಇದರಿಂದ ಪ್ರಯೋಜನವಿಲ್ಲ. ಆಪರೇಷನ್ ಮಾಡಿಸಿಯೂ ನಿಲ್ಲಲಿಲ್ಲ ಎಂಬ ದೂರು ಹೆಚ್ಚಾಗಿ ಇಂಥ ಮನೆಗಳಿಂದಲೇ ಬರುತ್ತದೆ.

ಒಂಟಿತನ, ಹೆದರಿಕೆ, ಸಂಭ್ರಮ

ವಿಡಿಯೊದಲ್ಲಿ ನೀವು ಹೋದ ಅರ್ಧ ಗಂಟೆಯೊಳಗೇ ನಾಯಿ ಬಾಗಿಲು ಕೆರೆಯುತ್ತದೆ, ಊಳಿಡುತ್ತದೆ, ಜೊಲ್ಲು ಸುರಿಸುತ್ತದೆ, ಆಮೇಲೆ ಹೊಯ್ಯುತ್ತದೆ. ಇದು ಬೇರ್ಪಡುವ ಭಯ. ಮನೆಯಿಂದಲೇ ಕೆಲಸ ಮಾಡುತ್ತಿದ್ದವರು ಮತ್ತೆ ಆಫೀಸಿಗೆ ಹೊರಟಾಗ ಇದು ಶುರುವಾಗುವುದುಂಟು. ಕ್ಷಣಗಳಿಂದ ಶುರುಮಾಡಿ ನಿಧಾನವಾಗಿ ಒಂಟಿ ಬಿಡುವ ಅಭ್ಯಾಸ ಮಾಡಿಸಬೇಕು. ಭಯ ಹೆಚ್ಚಾಗಿದ್ದರೆ ಡಾಕ್ಟರ ಔಷಧವೂ ಬೇಕಾಗಬಹುದು. ಇಂಥ ನಾಯಿಯನ್ನು ಬೋನಿನಲ್ಲಿ ಹಾಕಿ ಹೋದರೆ ಹಲ್ಲು, ಉಗುರು ಮುರಿದುಕೊಳ್ಳುತ್ತದೆ.

ಪಟಾಕಿಗೆ ಹೆದರಿದ ನಾಯಿ ದೀಪಾವಳಿ ಮುಗಿದ ಮೇಲೂ ಎಷ್ಟೋ ದಿನ ಕತ್ತಲಾದರೆ ಹೊರಗೆ ಬರುವುದಿಲ್ಲ. ಬಂದರೂ ಹೊಯ್ಯದೆ ಮನೆಗೆ ಎಳೆಯುತ್ತದೆ, ಒಳಗೆ ಬಂದು ನಿರಾಳವಾಗಿ ಹೊಯ್ಯುತ್ತದೆ. ಆ ದಿನಗಳಲ್ಲಿ ಸಂಜೆಯ ಸುತ್ತಾಟ ಬೆಳಕಿರುವಾಗಲೇ ಮುಗಿಸಿ. ಚೈನು ಬಿಗಿಯಾಗಿರಲಿ, ಹೆದರಿ ಓಡಿಹೋಗುವ ನಾಯಿಗಳು ಆಗಲೇ ಜಾಸ್ತಿ.

ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇನ್ನೊಂದು ಬಗೆ. ಸುರಿಯುವ ಮಳೆಗೆ ನಾಯಿ ಅಂಗಳಕ್ಕೇ ಇಳಿಯುವುದಿಲ್ಲ. ಸೂರಿನ ಕೆಳಗೆ ಅಥವಾ ಕಾರ್ ಶೆಡ್ಡಿನ ಮೂಲೆಯಲ್ಲಿ ಸ್ವಲ್ಪ ಮಣ್ಣು ಹಾಕಿ, ನಡುವೆ ಒಂದು ಮರದ ಕೊರಡು ನೆಟ್ಟುಬಿಡಿ. ಬಿಸಿಲಿರುವ ದಿನವೇ ಅದನ್ನು ಕಲಿಸಿಡಿ. ಅಪಾರ್ಟ್‌ಮೆಂಟಿನ ಬಾಲ್ಕನಿಗೂ ಇದೇ ಉಪಾಯ. ತಟ್ಟೆಯಲ್ಲಿ ಮಣ್ಣು ಅಥವಾ ಹುಲ್ಲಿನ ಹಾಸು, ಅದರ ಮೇಲೆ ನಿಲ್ಲಿಸಿದ ಇಟ್ಟಿಗೆ. ಕಾಲೆತ್ತಲು ನಿಂತ ವಸ್ತು ಇಲ್ಲದಿದ್ದರೆ ಗಂಡುನಾಯಿ ಒಪ್ಪುವುದು ಕಷ್ಟ.

ಕಂಡ ಕೂಡಲೇ ಚಿಮ್ಮಿಸುವ ನಾಯಿಗೆ ಬೈದರೆ ಜಾಸ್ತಿಯಾಗುತ್ತದೆ. ಬಂದವರು ಅದರ ಮೇಲೆ ಬಾಗದೆ, ದಿಟ್ಟಿಸದೆ, ಮಾತಾಡದೆ ಒಳಗೆ ಬರಲಿ. ನಾಯಿ ತಣ್ಣಗಾದ ಮೇಲೆ ಕೂತು ಮಾತಾಡಿಸಲಿ.

ಹತ್ತು ವರ್ಷ ದಾಟಿದ ನಾಯಿ ಒಳಗೆ ಹೊಯ್ದರೆ ಮೆಟ್ಟಿಲ ಕಡೆ ನೋಡಿ. ಸಂಧಿವಾತದ ನಾಯಿಗೆ ನುಣುಪು ಟೈಲ್ಸ್ ದಾಟುವುದೇ ಕಷ್ಟ. ಜಾರದ ಹಾಸು ಹಾಕಿ. ಮೂಲೆಗೆ ಮುಖ ಮಾಡಿ ನಿಲ್ಲುವುದು, ರಾತ್ರಿಯೆಲ್ಲ ಸುತ್ತುವುದು ಸೇರಿದ್ದರೆ ಮರೆವಿನ ಕಾಯಿಲೆ ಇರಬಹುದು, ಡಾಕ್ಟರಿಗೆ ಹೇಳಿ.

ತೊಳೆಯುವುದು: ಇಲ್ಲೇ ಹೆಚ್ಚು ಮನೆಗಳು ಸೋಲುತ್ತವೆ

ನಮ್ಮ ಮೂಗಿಗೆ ಫಿನಾಯಿಲ್ ವಾಸನೆ ಬಂದರೆ ಜಾಗ ಸ್ವಚ್ಛವಾಯಿತು. ನಾಯಿಯ ಮೂಗಿಗೆ ಫಿನಾಯಿಲೂ ಇದೆ, ಅದರ ಕೆಳಗೆ ಉಚ್ಚೆಯೂ ಇದೆ. ವಾಸನೆ ಉಳಿದಿರುವವರೆಗೆ ಅದು ಆ ಜಾಗಕ್ಕೆ ಮರಳುತ್ತದೆ. ಅಮೋನಿಯ ಇರುವ ಕ್ಲೀನರ್ ಬಳಸಬೇಡಿ, ಅದರ ವಾಸನೆ ಉಚ್ಚೆಯನ್ನೇ ಹೋಲುತ್ತದೆ. ಹಸಿ ಉಚ್ಚೆಯ ಮೇಲೆ ಬ್ಲೀಚಿಂಗ್ ಪೌಡರ್ ಹಾಕಿದರೆ ಕಣ್ಣು, ಎದೆ ಉರಿಸುವ ಗಾಳಿ ಏಳುತ್ತದೆ. ಕಪ್ಪು ಫಿನಾಯಿಲನ್ನು ನಾಯಿ ಪಾದದಿಂದ ನೆಕ್ಕಿದರೆ ವಿಷವಾಗುತ್ತದೆ.

ಒಳ್ಳೆಯದು ಪೆಟ್ ಅಂಗಡಿಗಳಲ್ಲಿ ಸಿಗುವ, ಉಚ್ಚೆಯ ಅಂಶವನ್ನೇ ಒಡೆದು ವಾಸನೆ ತೆಗೆಯುವ ಎಂಜೈಮ್ ಕ್ಲೀನರ್. ಮೊದಲು ಬಟ್ಟೆ ಒತ್ತಿ ಹೀರಿಸಿ, ಉಜ್ಜಬೇಡಿ. ಬರಿ ನೀರಲ್ಲಿ ಒರೆಸಿ ಹಳೆಯ ಫಿನಾಯಿಲಿನ ಅಂಶ ತೆಗೆಯಿರಿ, ಇಲ್ಲದಿದ್ದರೆ ಎಂಜೈಮ್ ಕೆಲಸ ಮಾಡುವುದಿಲ್ಲ. ಆಮೇಲೆ ಧಾರಾಳವಾಗಿ ಸುರಿದು, ಬಾಟಲಿಯ ಮೇಲೆ ಹೇಳಿದಷ್ಟು ಹೊತ್ತು ಒದ್ದೆಯಾಗಿಯೇ ಬಿಡಿ. ಸಿಂಪಡಿಸಿ ತಕ್ಷಣ ಒರೆಸಿದರೆ ದುಡ್ಡು ದಂಡ. ಉಚ್ಚೆ ಇಳಿದಷ್ಟು ಆಳಕ್ಕೆ ಅದೂ ಇಳಿಯಬೇಕು.

ಮನೆಯಲ್ಲೇ ಮಾಡುವುದಾದರೆ ವಿನೆಗರ್ ಮತ್ತು ನೀರು ಸಮಸಮ. ಆದರೆ ನೆಲ ಯಾವುದು ಎಂದು ನೋಡಿ. ವಿಟ್ರಿಫೈಡ್ ಟೈಲ್ಸ್‌ಗೆ ತೊಂದರೆಯಿಲ್ಲ. ಮಾರ್ಬಲ್, ಶಹಾಬಾದ್ ಕಲ್ಲು, ಕಡಪ ಕಲ್ಲು ಎಲ್ಲ ಸುಣ್ಣದ ಜಾತಿಯವು. ವಿನೆಗರ್ ಬಿದ್ದರೆ ಹೊಳಪು ಹೋಗಿ ಮಚ್ಚೆ ಬೀಳುತ್ತದೆ. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲಕ್ಕೂ ಹುಳಿ ಆಗದು. ಇಂಥ ನೆಲಕ್ಕೆ ಎಂಜೈಮ್ ಒಂದೇ ದಾರಿ, ಅದನ್ನೂ ಮೊದಲು ಮೂಲೆಯಲ್ಲಿ ಹಾಕಿ ನೋಡಿ. ಟೈಲ್ಸ್ ನಡುವಿನ ಸಿಮೆಂಟ್ ಗೆರೆಗಳು ಉಚ್ಚೆ ಹೀರಿಕೊಳ್ಳುತ್ತವೆ. ಟೈಲ್ಸ್ ಫಳಫಳ ಎನ್ನುತ್ತಿದ್ದರೂ ನಾಯಿ ಅದೇ ಜಾಗ ಮೂಸುತ್ತಿದ್ದರೆ ಆ ಗೆರೆಗಳನ್ನು ಹಳೆಯ ಟೂತ್‌ಬ್ರಶ್ಶಿನಿಂದ ಎಂಜೈಮ್ ಹಾಕಿ ತಿಕ್ಕಿ. ಸೋಫಾದ ಸ್ಪಂಜಿನೊಳಗೆ ಹೋಗಿದ್ದರೆ ಮೇಲಿನ ಬಟ್ಟೆ ತೊಳೆದು ಉಪಯೋಗವಿಲ್ಲ. ಮರದ ಮಂಚದ ಕಾಲು ಪಾಲಿಶ್ ಹೋಗಿ ಹೀರಿಕೊಂಡಿದ್ದರೆ ಒಣಗಿಸಿ ಮತ್ತೆ ಪಾಲಿಶ್ ಹೊಡೆಸಿ.

ಮತ್ತೆ ಕಲಿಸುವುದು

ಕಾರಣ ಸಿಕ್ಕಿತು, ಜಾಗ ಶುಚಿಯಾಯಿತು. ಇನ್ನು ಮೂರ್ನಾಲ್ಕು ವಾರ ನಾಯಿಯನ್ನು ಹೊಸದಾಗಿ ಬಂದ ಮರಿಯಂತೆಯೇ ನೋಡಿ. ಒಳಗೆ ಒಂದು ಸಲವೂ ಹೊಯ್ಯುವ ಅವಕಾಶ ಸಿಗದಂತೆ ನೋಡಿಕೊಳ್ಳುವುದೇ ಇಲ್ಲಿ ಮುಖ್ಯ.

ಮನೆಯಲ್ಲಿ ನೀವಿರುವಾಗ ಚೈನಿನ ಇನ್ನೊಂದು ತುದಿ ನಿಮ್ಮ ಸೊಂಟದಲ್ಲಿರಲಿ ಅಥವಾ ನಾಯಿ ಕಣ್ಣೆದುರಿನ ಕೋಣೆಯಲ್ಲಿರಲಿ. ಬೇರೆ ಕೋಣೆಗಳ ಬಾಗಿಲು ಮುಚ್ಚಿ. ಮೂಸುತ್ತಾ ಸುತ್ತುವುದು, ವಸ್ತುವಿನ ಪಕ್ಕಕ್ಕೆ ಮೈ ತಿರುಗಿಸಿ ನಿಲ್ಲುವುದು ಕಂಡ ತಕ್ಷಣ ಹೆಸರು ಕರೆದು ಹೊರಗೆ ಕರೆದೊಯ್ಯಿರಿ. ಕಾಲು ಎತ್ತಿಬಿಟ್ಟಿದ್ದರೆ ಒಂದು ಚಪ್ಪಾಳೆ ಸಾಕು, ಕೂಗಾಟ ಬೇಡ.

ಹೊರಗೆ ದಿನಕ್ಕೆ ನಾಲ್ಕೈದು ಸಲ. ಎದ್ದ ಕೂಡಲೇ, ಊಟವಾದ ಮೇಲೆ, ಆಟವಾದ ಮೇಲೆ, ಮಲಗುವ ಮುಂಚೆ. ಬೆಳಿಗ್ಗೆ ಎಂಟಕ್ಕೆ ಬಿಟ್ಟು ಸಂಜೆ ಏಳಕ್ಕೆ ಬರುವ ಮನೆಯಲ್ಲಿ ದೊಡ್ಡ ಮಡು ಕಂಡರೆ ತಪ್ಪು ನಾಯಿಯದ್ದಲ್ಲ. ಎಂಟು ಗಂಟೆಗಿಂತ ಹೆಚ್ಚು ತಡೆದುಕೋ ಎಂದು ಯಾವ ನಾಯಿಗೂ ಹೇಳಬಾರದು. ಮಧ್ಯಾಹ್ನ ಯಾರಾದರೂ ಬಂದು ಕರೆದೊಯ್ಯುವ ವ್ಯವಸ್ಥೆ ಮಾಡಿ.

ಹೊರಗೆ ಹೋದಾಗ ಮೊದಲು ಒಂದೇ ಕಡೆ ನಿಲ್ಲಿ, ಮೂಸಲು ಬಿಡಿ. ಪೂರ್ತಿ ಹೊಯ್ದ ಮೇಲೆ ಸುತ್ತಾಟ. ಹೊಯ್ದ ಕೂಡಲೇ ಮನೆಗೆ ತಿರುಗಿಸಿದರೆ ಅದು ಸುತ್ತಾಟ ಉಳಿಸಿಕೊಳ್ಳಲು ತಡೆದಿಟ್ಟುಕೊಳ್ಳಲು ಕಲಿಯುತ್ತದೆ, ಆ ಉಳಿದದ್ದು ಮನೆಯೊಳಗೆ ಬೀಳುತ್ತದೆ. 'ಸುಸ್ಸು ಮಾಡು' ಎಂಬ ಒಂದೇ ಮಾತನ್ನು ಮನೆಯವರೆಲ್ಲ ಬಳಸಿ. ಮುಗಿಸಿದ ಎರಡು ಮೂರು ಸೆಕೆಂಡಿನೊಳಗೆ, ಅಲ್ಲೇ, ತಿಂಡಿ ಕೊಡಿ. ಮನೆಗೆ ಬಂದು ಬಿಸ್ಕೆಟ್ ಕೊಟ್ಟರೆ ಮನೆಗೆ ಬಂದದ್ದಕ್ಕೆ ಕೊಟ್ಟಂತಾಗುತ್ತದೆ. ಪಕ್ಕದ ಮನೆಯ ತುಳಸಿಕಟ್ಟೆ, ಸ್ಕೂಟರ್ ಚಕ್ರದ ಹತ್ತಿರ ಮಾತ್ರ ಬಿಡಬೇಡಿ. ಊರವರ ಬೇಸರ ಕಟ್ಟಿಕೊಂಡ ನಾಯಿಗೆ ಹೊರಗೆ ಹೋಗುವುದೇ ಕಷ್ಟವಾಗುತ್ತದೆ.

ಒಳಗೆ ಮತ್ತೆ ಮತ್ತೆ ಒಂದೇ ಜಾಗ ಆರಿಸಿಕೊಳ್ಳುತ್ತಿದ್ದರೆ ತೊಳೆದ ಮೇಲೆ ಅಲ್ಲೇ ಊಟದ ಬಟ್ಟಲು ಇಡಿ. ತಿನ್ನುವ ಜಾಗದಲ್ಲಿ ಹೊಯ್ಯಲು ಹೆಚ್ಚಿನ ನಾಯಿಗಳು ಹಿಂಜರಿಯುತ್ತವೆ. ಹೊಟ್ಟೆಗೆ ಸುತ್ತುವ ಬೆಲ್ಲಿ ಬ್ಯಾಂಡ್ ನೆಂಟರು ಬಂದ ಹೊತ್ತಿಗೆ, ಪ್ರಯಾಣಕ್ಕೆ ಸರಿ. ಒಳಗೆ ಪ್ಯಾಡ್ ಇಟ್ಟು ಕಟ್ಟಬಹುದು. ಒದ್ದೆಯಾದ ಕೂಡಲೇ ಬದಲಿಸದಿದ್ದರೆ ಚರ್ಮ ಹುಣ್ಣಾಗುತ್ತದೆ. ಅದು ಸೋಫಾ ಉಳಿಸುತ್ತದೆ, ನಾಯಿಗೆ ಏನನ್ನೂ ಕಲಿಸುವುದಿಲ್ಲ.

ಹೊಡೆಯುವುದರ ಬಗ್ಗೆ ಸ್ಪಷ್ಟವಾಗಿ ಹೇಳುತ್ತೇನೆ. ಮೂಗನ್ನು ಉಚ್ಚೆಗೆ ಒತ್ತುವುದು, ಪೇಪರ್ ಸುರುಳಿಯಿಂದ ಬಾರಿಸುವುದು ನಮ್ಮಲ್ಲಿ ಇನ್ನೂ ನಡೆಯುತ್ತಿದೆ. ಅದರಿಂದ ನಾಯಿ ಕಲಿಯುವುದು ಒಂದೇ, ಇವರ ಎದುರು ಹೊಯ್ಯಬಾರದು ಅಂತ. ಆಮೇಲೆ ವಾಕಿಂಗ್‌ನಲ್ಲೂ ನಿಮ್ಮೆದುರು ಹೊಯ್ಯುವುದಿಲ್ಲ, ಮನೆಗೆ ಬಂದು ಮಂಚದ ಕೆಳಗೆ ಹೊಯ್ಯುತ್ತದೆ. ಹೊಡೆತ ತಿಂದ ನಾಯಿಗೆ ಮತ್ತೆ ಕಲಿಸುವುದು ಎಲ್ಲಕ್ಕಿಂತ ನಿಧಾನ.

ಬ್ರೀಡರ್ ಗೂಡಿನಲ್ಲೇ ಬೆಳೆದು ದೊಡ್ಡದಾದ ಮೇಲೆ ನಿಮ್ಮ ಮನೆಗೆ ಬಂದ ನಾಯಿಗೆ ಸಿಮೆಂಟ್ ನೆಲವೇ ಶೌಚದ ಜಾಗ. ಅದಕ್ಕೆ ಮಣ್ಣು, ಹುಲ್ಲು ಹೊಸದು. ಎರಡೆರಡು ಗಂಟೆಗೊಮ್ಮೆ ಹೊರಗೆ ಕರೆದೊಯ್ದು, ಹಳೆಯ ಉಚ್ಚೆ ಒರೆಸಿದ ಬಟ್ಟೆಯನ್ನು ಹುಲ್ಲಿನ ಮೇಲಿಟ್ಟು ಶುರುಮಾಡಿ. ಬೀದಿಯಿಂದ ಬಂದ ನಾಯಿಗಳು ಇದನ್ನು ಬೇಗ ಕಲಿಯುತ್ತವೆ, ಮಣ್ಣು ಅವಕ್ಕೆ ಮೊದಲೇ ಗೊತ್ತು.

ಒಂದು ತಿಂಗಳಾದರೂ ನಿಲ್ಲದಿದ್ದರೆ

ಮತ್ತೆ ಡಾಕ್ಟರ ಹತ್ತಿರ ಹೋಗಿ, ಈ ಸಲ ಸ್ವಭಾವದ ತೊಂದರೆ ಎಂದು ಹೇಳಿ ಹೋಗಿ. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗದ ಪಶುವೈದ್ಯಕೀಯ ಕಾಲೇಜುಗಳಲ್ಲೂ ಕೇಳಬಹುದು. ಗಾಬರಿ ಸ್ವಭಾವದ ನಾಯಿಗಳಿಗೆ ಫ್ಲೂಆಕ್ಸೆಟಿನ್‌ನಂಥ ಮಾತ್ರೆ ಕೊಡುವುದುಂಟು. ಅದು ಪೂರ್ತಿ ಕೆಲಸ ಮಾಡಲು ನಾಲ್ಕರಿಂದ ಆರು ವಾರ ಬೇಕು, ತರಬೇತಿಯೂ ಜೊತೆಗೇ ನಡೆಯಬೇಕು. ಮನೆಯಲ್ಲಿ ಯಾರಿಗೋ ಬರೆದುಕೊಟ್ಟ ಮಾತ್ರೆಯನ್ನು ನಾಯಿಗೆ ಹಾಕಬೇಡಿ.

ಹೋಗುವಾಗ ಬರೆದಿಟ್ಟ ಪಟ್ಟಿ, ಫೋನಿನ ವಿಡಿಯೊ, ನೀರಿನ ಲೆಕ್ಕ, ಈಗ ಕೊಡುತ್ತಿರುವ ಎಲ್ಲ ಮಾತ್ರೆಗಳ ಹೆಸರು, ಆ ಬೆಳಗಿನ ಉಚ್ಚೆಯ ಡಬ್ಬ ಜೊತೆಗಿರಲಿ.